ಆಡಿನ ಪಾಲು ಬಾಣಂತಿಗೆ, ಬಾಣಂತಿ ಪಾಲು ಆಡಿಗೆ

ಏಳು ಕೆರೆ ಆಚೆ, ಏಳು ಬೋರೆ ಈಚೆ, ಒಂದಾನೊಂದು ಊರಿತ್ತಂತೆ. ಪಕ್ಕದ ಊರಿನೋರು ಈ ಕಥೆ ನಮ್ಮದು ಅಂತ ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಅವರ ಊರಿನ ಆಡಿಗೆ ಮಾತೇ ಬರೋದಿಲ್ಲ, ಕಥೆ ಎಲ್ಲಿಂದ ಬರಬೇಕು?

ಆ ಊರಲ್ಲಿ ದ್ಯಾವೀರಿ ಅನ್ನೋ ಹೆಣ್ಣುಮಗಳಿದ್ದಳಂತೆ. ಏಳು ವರ್ಷ ಹರಕೆ ಹೊತ್ತು ಎಂಟನೇ ವರ್ಷಕ್ಕೆ ಗಂಡುಮಗು ಹೆತ್ತಳಂತೆ. ಅದೂ ಎಂಥಾ ಮಗು? ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿಯ ಬೆರಳು ಹಿಡಿದರೆ, ಬಿಡಿಸೋಕೆ ಇಬ್ಬರು ಬೇಕಾಯಿತಂತೆ. ಆದರೆ ಏಳು ದಿನ ಕಳೆಯೋದರೊಳಗೆ ಆ ಹಿಡಿತ ಸಡಿಲವಾಯಿತು. ಮಗು ಅಳೋದು ಸಣ್ಣಗಾಯಿತು. ದ್ಯಾವೀರಿಯ ಎದೆಯಲ್ಲಿ ಹಾಲು ಸಾಲದು.

ಮನೆಯಲ್ಲಿ ಅಜ್ಜಿಯರು ಇಬ್ಬರು. ಅತ್ತೆ ಹೊನ್ನಾಜಿ ಅಂದಳಂತೆ, ನಮ್ಮನೆ ಮಕ್ಕಳು ಏಳು ತಲೆಮಾರಿಂದ ಎದೆಹಾಲು ಬಿಟ್ಟು ಬೇರೆ ಮುಟ್ಟಿಲ್ಲ, ಆಡಿನ ಹಾಲು ಕುಡಿದ ಮಗು ಆಡಿನಂಗೆ ಬೇಲಿ ಹಾರುತ್ತದೆ ಅಂತ. ತಾಯಿ ಸಾಕವ್ವ ತವರಿಂದ ಬೆಳ್ಳಿ ಒಳಲೆ ತಂದಿದ್ದಳು. ಹೊಟ್ಟೆ ದುಂಡಗೆ, ಮೂತಿ ಉದ್ದಕ್ಕೆ; ಈಗಿನೋರ ಬಾಟಲಿ ಆಗ ಎಲ್ಲಿತ್ತು, ಮಗುವಿನ ಬಾಯಿಗೆ ಹಾಲು ಬಿಡೋಕೆ ಅದೇ. ಬೇಲಿ ಹಾರೋಕಾದರೂ ಮಗು ಬದುಕಬೇಕಲ್ಲ ಬೀಗಿತಿ, ಅಂದಳಂತೆ ಅವಳು.

ಬೆಳಗೆದ್ದರೆ ಎದೆ ಅನ್ನೋ ಜಗಳ, ಬೈಗಾದರೆ ಒಳಲೆ ಅನ್ನೋ ಜಗಳ; ಮಗುವಿನ ಬಾಯಿಗೆ ಮಾತ್ರ ಒಳಲೆ ಮುಟ್ಟಲಿಲ್ಲ. ಗಂಡ ಬೈರ ಅವ್ವನ ಮುಂದೆ ಹೂಂ ಅಂದ, ಅತ್ತೆ ಮುಂದೆ ಹೂಂ ಅಂದ, ಎರಡೂ ಕಡೆ ತಲೆ ಆಡಿಸಿ ಆಡಿಸಿ ಕತ್ತು ಉಳುಕಿಸಿಕೊಂಡನಂತೆ.

ಅಜ್ಜಿಯರು ಒಪ್ಪಿದ್ದು ಒಂದೇ ಮಾತಿಗೆ. ಬಾಣಂತಿಗೆ ನೀರು ಕೊಡಬಾರದು. ಕೊಟ್ಟರೆ ತಾಯಿಗೆ ನಂಜು, ಮಗುವಿಗೆ ಶೀತ. ಅದಕ್ಕೇ ದ್ಯಾವೀರಿಯ ಪಾಲು ಹೊತ್ತಿಗೆ ಒಂದು ಹಿಡಿ ಅನ್ನ, ಒಂದು ಚಿಟಿಕೆ ಮೆಣಸಿನ ಪುಡಿ, ಎರಡು ಎಸಳು ಬೆಳ್ಳುಳ್ಳಿ. ನೀರು ಕೇಳಿದರೆ, ಅದೇ ಒಳಲೆಯಲ್ಲಿ ಅಳೆದು ಒಂದು ಒಳಲೆ ಬಿಸಿನೀರು.

ಬಾಣಂತಿ ಕೋಣೆ ಕಿಟಕಿಯಾಚೆ ಕೆಂದಿ ಅನ್ನೋ ಆಡು ಕಟ್ಟಿತ್ತು. ಮಟಮಟ ಮಧ್ಯಾಹ್ನ ಬೈರ ಅದಕ್ಕೆ ಒಂದು ಗಡಿಗೆ ನೀರು, ಒಂದು ಮೊರ ಹುರುಳಿ, ಒಂದು ಹೆಂಟೆ ಎಳ್ಳಿಂಡಿ ತಂದಿಟ್ಟು ಹೋದ. ಕೆಂದಿ ಗಡಿಗೆಗೆ ಮೂತಿ ಇಟ್ಟು ಗಳಗಳ ಕುಡಿಯಿತು. ಆ ಸದ್ದಿಗೆ ದ್ಯಾವೀರಿಯ ಗಂಟಲು ತಾನಾಗೇ ನುಂಗಿತು. ನುಂಗೋಕೆ ಅಲ್ಲೇನೂ ಇರಲಿಲ್ಲ.

“ಕೆಂದೀ,” ಅಂದಳಂತೆ, “ನಿನಗೆ ಎರಡು ಮರಿ. ಅವಕ್ಕೂ ಸಾಲುತ್ತದೆ, ನಮ್ಮನೆ ಕುಡಿಕೆಗೂ ಸಾಲುತ್ತದೆ. ನನಗಿರೋದು ಒಂದು ಕೂಸು, ಅದಕ್ಕೇ ಸಾಲದು. ಯಾಕೆ?”

ಕೆಂದಿ ಮೆಲುಕು ಹಾಕಿತು. ಯೋಚನೆ ಮಾಡಿತು.

“ನನಗೆ ಅತ್ತೆ ಇಲ್ಲ,” ಅಂದಿತಂತೆ. ಇನ್ನೊಂದು ಸಲ ಮೆಲುಕು ಹಾಕಿ, “ಹೊಟ್ಟೆಗೆ ಬಂದದ್ದು ಕೆಚ್ಚಲಿಗೆ ಬರುತ್ತದೆ ಕಣವ್ವ. ಈ ಗಡಿಗೆ ಎರಡು ದಿನ ತಪ್ಪಲಿ, ನಾನೂ ನಿನ್ನಂಗೇ,” ಅಂದಿತು.

ದ್ಯಾವೀರಿ ಅತ್ತೆಯನ್ನ ಒಂದು ಗಡಿಗೆ ನೀರು ಕೇಳಿದಳು. ಆಗೋಲ್ಲ. ಅವ್ವನನ್ನ ಕೇಳಿದಳು. ಆಗೋಲ್ಲ. ಗಂಡನನ್ನ ಕೇಳಿದಳು. ಅವನು ಕತ್ತು ನೋಯುತ್ತದೆ ಅಂದ.

ಅವತ್ತೇ ಆ ದಾರಿಯಲ್ಲಿ ಆ ಸೀಮೆಯ ಅರಸ ಹೊರಟಿದ್ದನಂತೆ. ಅಜ್ಜಿಯರ ಜಗಳಕ್ಕೆ ಕುದುರೆ ಬೆದರಿ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಏಳು ಯುದ್ಧ ನೋಡಿದ ಕುದುರೆ ಅದು. ಅರಸ ಇಳಿದು ಜಗಲಿ ಮೇಲೆ ಕೂತ. ಇಬ್ಬರೂ ಒಂದೇ ಸಲಕ್ಕೆ ಹೇಳಿದರು. ಅವನಿಗೆ ಅರ್ಥವಾದದ್ದು ಇಷ್ಟು: ಎದೆಯೋ, ಒಳಲೆಯೋ. ಹಸುಗೂಸು ಎತ್ತಿ ಗೊತ್ತಿಲ್ಲದ ಅರಸ, ಇದೇನು ಮಹಾ ಅಂತ, ಮಗುವನ್ನ ಹೊಸಿಲ ಮೇಲೆ ಮಲಗಿಸಿ, ಒಂದು ಕಡೆ ಒಳಲೆ ಇಡಿ, ಇನ್ನೊಂದು ಕಡೆ ತಾಯಿ ಕೂರಲಿ, ಅದು ಎತ್ತ ತಿರುಗುತ್ತದೋ ಅದೇ ತೀರ್ಪು ಅಂದನಂತೆ.

ಹಂಗೇ ಮಾಡಿದರು. ಮಗು ಎತ್ತಲೂ ತಿರುಗಲಿಲ್ಲ. ತಿರುಗೋಕೆ ಅದರ ಕತ್ತಿನಲ್ಲಿ ಶಕ್ತಿ ಇರಲಿಲ್ಲ.

ಅರಸ ತನ್ನ ಕೈ ತಾನು ನೋಡಿಕೊಂಡ. ಆಗ ಹೊಸಿಲ ಒಳಗಿಂದ ದ್ಯಾವೀರಿ ಅಂದಳಂತೆ:

“ಬುದ್ಧೀ, ಎದೆಯೋ ಒಳಲೆಯೋ ಆಮೇಲೆ ಹೇಳುವಿರಂತೆ. ಮೂರು ದಿನ ನನ್ನ ಪಾಲು ಆಡಿಗೆ ಹಾಕಿಸಿ. ಆಡಿನ ಪಾಲು ನನಗೆ ಹಾಕಿಸಿ. ಅಲ್ಲೀಗಂಟ ಇಬ್ಬರಲ್ಲಿ ಯಾರ ಹತ್ತಿರ ಹಾಲಿರುತ್ತದೋ ಅದು ಮಗುವಿಗೆ ಹೋಗಲಿ.”

ಹೊನ್ನಾಜಿ ಎದೆ ಬಡಿದುಕೊಂಡಳು, ಬಾಣಂತಿ ಗಡಿಗೆ ನೀರು ಕುಡಿದರೆ ಉಳಿದಾಳೇ ಅಂತ. ಸಾಕವ್ವನೂ ಹೌದು ಅಂದಳು. ಅರಸ ಮಗುವನ್ನ ನೋಡಿ, “ಏಳು ದಿನದ ನಿಮ್ಮ ಪಥ್ಯ ಕಂಡೆ. ಮೂರು ದಿನ ಆಡಿನ ಪಥ್ಯ ಕಾಣೋಣ,” ಅಂದು ಅಲ್ಲೇ ಬಿಡಾರ ಹೂಡಿದನಂತೆ.

ಮೊದಲ ದಿನ. ದ್ಯಾವೀರಿಗೆ ಕಾಯಿಸಿ ಆರಿಸಿದ ಒಂದು ಗಡಿಗೆ ನೀರು, ಹುರುಳಿ ಸಾರು, ಬೆಲ್ಲ ಕುಟ್ಟಿದ ಎಳ್ಳಿಂಡಿ. ಕೆಂದಿಗೆ ಒಂದು ಹಿಡಿ ಅನ್ನ, ಚಿಟಿಕೆ ಮೆಣಸು, ಎರಡು ಎಸಳು ಬೆಳ್ಳುಳ್ಳಿ, ಒಂದು ಒಳಲೆ ಬಿಸಿನೀರು. ಮಗು ಐದು ಸಲ ಒಳಲೆಯಲ್ಲಿ ಕುಡಿಯಿತು. ಬೇಲಿ ಹಾರಲಿಲ್ಲ.

ಎರಡನೇ ದಿನ. ಅದೇ ಗಡಿಗೆ, ಅದೇ ಒಳಲೆ. ಮಗು ಎರಡು ಸಲ ಒಳಲೆ, ಮೂರು ಸಲ ಎದೆ. ಕೆಂದಿ ಮೆಣಸಿಗೆ ಸೀನಿತು.

ಮೂರನೇ ದಿನ. ದ್ಯಾವೀರಿಯ ರವಿಕೆ ಒದ್ದೆಯಾಯಿತು. ಕೆಂದಿಯ ಕೆಚ್ಚಲು ಬರಿದಾದ ಎಲೆಯಡಿಕೆ ಚೀಲದಂಗೆ ಜೋತುಬಿತ್ತು. ಮರಿಗಳು ಗುಮ್ಮಿ ಗುಮ್ಮಿ ಸಾಕಾಗಿ ಪಕ್ಕದ ಮನೆ ಆಡಿನ ಹತ್ತಿರ ಹೋದವು. ಕೆಂದಿ ಜಗಲಿಗೆ ಬಂದು ಅರಸನ ಮುಂದೆ ನಿಂತು, “ತೀರ್ಪಾದರೂ ಕೊಡಿ ಬುದ್ಧೀ, ಇಲ್ಲ ಕಟುಕನಿಗಾದರೂ ಕೊಡಿ,” ಅಂದಿತಂತೆ.

ಅರಸ ಹೊಸಿಲಿಗೆ ಬಂದು ಮಗುವಿನ ಮೇಲೆ ಬಗ್ಗಿದ. ಮಗು ಅವನ ಮೀಸೆ ಹಿಡಿಯಿತು. ಎಳೆದರೂ ಬಿಡಲಿಲ್ಲ.

“ನೋಡಿ, ಎದೆಹಾಲೇ ಗೆದ್ದಿತು,” ಅಂದಳು ಹೊನ್ನಾಜಿ.

“ಮೊದಲ ದಿನ ಒಳಲೆ ಇಲ್ಲದಿದ್ದರೆ ಗೆಲ್ಲಿಸೋಕೆ ಕೂಸು ಎಲ್ಲಿರುತ್ತಿತ್ತು ಬೀಗಿತಿ?” ಅಂದಳು ಸಾಕವ್ವ.

ಅರಸನಿಗೆ ಬಾಯಿ ಪೂರಾ ತೆರೆಯೋಕೆ ಆಗಲಿಲ್ಲ. ತೆರೆದಷ್ಟರಲ್ಲೇ ಹೇಳಿದನಂತೆ: “ಇಬ್ಬರೂ ಗೆದ್ದಿರಿ. ಈಗ ಇಬ್ಬರೂ ಹೋಗಿ ನೀರು ತನ್ನಿ. ತಾಯಿಗೊಂದು ಗಡಿಗೆ, ಆಡಿಗೊಂದು ಗಡಿಗೆ. ಎದೆಯೋ ಒಳಲೆಯೋ ಅನ್ನೋದು ಹೆತ್ತೋಳಿಗೆ ಬಿಟ್ಟದ್ದು.”

ಮೀಸೆ ಬಿಡಿಸೋಕೆ ಇಬ್ಬರು ಬೇಕಾಯಿತಂತೆ.

ಆಮೇಲೆ ದ್ಯಾವೀರಿ ಮನೆಯಲ್ಲಿದ್ದಾಗ ಎದೆಗೆ ಹಾಕಿಕೊಂಡಳು, ಹೊಲಕ್ಕೆ ಹೋದಾಗ ಒಳಲೆ ಇಟ್ಟು ಹೋದಳು. ಯಾರನ್ನೂ ಕೇಳಲಿಲ್ಲ. ಮಗು ಬೆಳೆಯಿತು, ಬೇಲಿನೂ ಹಾರಿತು. ಅದು ಆಡಿನ ಹಾಲಿನ ಗುಣ ಅಂದಳು ಹೊನ್ನಾಜಿ. ಅಪ್ಪನ ಕಡೆಯ ಗುಣ ಅಂದಳು ಸಾಕವ್ವ. ಅದನ್ನ ತೀರ್ಮಾನ ಮಾಡೋಕೆ ಅರಸ ಮಾತ್ರ ಮತ್ತೆ ಆ ದಾರಿಗೆ ಬರಲಿಲ್ಲವಂತೆ.

ಅವರ ಗಡಿಗೆ ಅಲ್ಲಿ ತುಂಬಿತು, ನಮ್ಮ ಕಥೆ ಇಲ್ಲಿ ತೀರಿತು. ಕೇಳಿದೋರು ಒಂದು ಚೊಂಬು ನೀರು ಕುಡಿದು ಏಳಿ. ಮನೆಯಲ್ಲಿ ಬಾಣಂತಿ ಇದ್ದರೆ, ಮೊದಲು ಅವಳಿಗೆ ಕೊಟ್ಟು ಏಳಿ.