ಬೊಚ್ಚುಬಾಯಿಯ ಸೇವೆ

ಒಂದು ಕಾಡಿನ ಹೊಳೆ. ಅದು ಬಾಗುವ ಕಡೆ, ಬಂಡೆಗಳ ಬುಡದಲ್ಲಿ, ಒಂದು ಆಳವಾದ ಮಡು. ಎಂಥ ಬೇಸಿಗೆ ಬಂದರೂ ಆ ಮಡು ಬತ್ತಿದ್ದನ್ನು ಯಾರೂ ಕಂಡಿರಲಿಲ್ಲ. ದಡದಲ್ಲಿ ಒಂದು ಗುಂಡುಕಲ್ಲಿತ್ತು. ಅಲ್ಲಿನ ನೀರುನಾಯಿಗಳು ಅದನ್ನು ಮಡುವಿನಯ್ಯ ಎಂದು ಕರೆದು ಕೈಮುಗಿಯುತ್ತಿದ್ದವು. ನೀರುನಾಯಿ ಗೊತ್ತಲ್ಲ ಮಕ್ಕಳೇ? ನುಣುಪು ಮೈ, ಮೂತಿ ತುಂಬ ಮೀಸೆ, ಊಟಕ್ಕೆ ಮೂರು ಹೊತ್ತೂ ಮೀನು.

ಆ ನೀರುನಾಯಿಗಳಲ್ಲಿ ಒಂದು ಕಟ್ಟಳೆ ಇತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿ ಮಾತ್ರ ಉಳಿಯುತ್ತದೆಯಲ್ಲ, ಆಗ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಬಾಯಲ್ಲಿ ಹಿಡಿದು ತಂದು ಮಡುವಿಗೆ ಬಿಡಬೇಕು. ಹಾಗೆ ಬಿಟ್ಟವು ಅಯ್ಯನ ಮೀನು. ಎಷ್ಟೇ ಹಸಿವಾದರೂ ಅವನ್ನು ತಿನ್ನುವಂತಿಲ್ಲ. ಮಳೆ ಬಂದ ಮೇಲೆ ಅವೇ ಹೊಳೆ ತುಂಬ ಹರಡಿ ಮೊಟ್ಟೆಯಿಟ್ಟು ಮರಿ ಮಾಡುತ್ತಿದ್ದವು. ಇದಕ್ಕೆ ಮಡು ಸೇವೆ ಎಂದು ಹೆಸರು.

ಈ ಸೇವೆಯಲ್ಲಿ ದುಗ್ಗಜ್ಜ ಎಂಬ ನೀರುನಾಯಿಯನ್ನು ಮೀರಿಸುವವರು ಒಂದು ಕಾಲದಲ್ಲಿ ಇರಲಿಲ್ಲ. ಸಂಜೆ ಬಂಡೆ ಹತ್ತಿ, ಎಲ್ಲರಿಗೂ ಕೇಳುವ ಹಾಗೆ, "ನಂದು ಇವತ್ತು ಮೂವತ್ತು" ಅನ್ನುತ್ತಿದ್ದ. ಉಳಿದವರು ಹತ್ತು, ಹನ್ನೆರಡು ಎಂದು ಗೊಣಗಿ ಸುಮ್ಮನಾಗುತ್ತಿದ್ದರು. ಅಜ್ಜನ ಎದೆ ಉಬ್ಬುತ್ತಿತ್ತು.

ಆದರೆ ವಯಸ್ಸು ಯಾರನ್ನು ಬಿಟ್ಟಿದೆ ಹೇಳಿ. ಒಂದೊಂದೇ ಹಲ್ಲು ಸಡಿಲವಾಯಿತು. ಈ ಬೇಸಿಗೆಯ ಶುರುವಿನಲ್ಲಿ ಕೊನೆಯ ಹಲ್ಲೂ ಉದುರಿಹೋಯಿತು. ಮೀಸೆ ದಪ್ಪಗಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅಜ್ಜನಿಗೆ ಮಾತ್ರ ನಾಚಿಕೆಯಾಗಿ ಬಿಲದಿಂದ ಹೊರಗೆ ಬರುವುದೇ ಬೇಡವೆನಿಸಿತು.

"ಹಲ್ಲಿಲ್ಲದವನು ಮೀನು ಹಿಡಿಯೋದು ಹೇಗೆ? ಮೀನು ಹಿಡಿಯದವನು ಅಯ್ಯನಿಗೆ ಯಾಕೆ ಬೇಕು?" ಎಂದು ಒಬ್ಬನೇ ಕೂತು ಕೊರಗಿದ.

ಅಷ್ಟರಲ್ಲಿ ಬಿಲದ ಬಾಯಿಗೆ ಮಾದಿ ಬಂದಳು. ಅವಳು ಅಜ್ಜನ ತಮ್ಮನ ಮಗಳು. ಈಗ ಗುಂಪಿನ ಯಜಮಾನಿಕೆ ಅವಳದೇ.

"ದೊಡ್ಡಪ್ಪ, ನಾಳೆಯಿಂದ ಮಡು ಸೇವೆ ಶುರು. ನೀವೇ ಮೊದಲ ಮೀನು ತರಬೇಕು."

ಅಜ್ಜ ಗಾಬರಿಯಿಂದ ತುಟಿ ಬಿಗಿಹಿಡಿದು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಆಗಲ್ಲಮ್ಮ. ನಾನು ಉಪವಾಸ ಹಿಡಿದಿದ್ದೀನಿ. ಮಳೆ ಬರೋವರೆಗೂ ಮೀನು ಮುಟ್ಟೋದಿಲ್ಲ ಅಂತ ಅಯ್ಯನಿಗೆ ಹರಕೆ ಹೊತ್ತಿದ್ದೀನಿ."

ಮಾದಿ ಹಾಗೇ ಕೈಮುಗಿದಳು. ಸಂಜೆಯೊಳಗೆ ಸುದ್ದಿ ಹೊಳೆಯ ಆಚೆ ದಡಕ್ಕೂ ಮುಟ್ಟಿತು. ಮರುದಿನ ಎಲ್ಲರೂ ಸೇರಿ ಅಜ್ಜನನ್ನು ಗುಂಡುಕಲ್ಲಿನ ಪಕ್ಕದಲ್ಲೇ ಕೂರಿಸಿದರು. ಮುಂದೆ ಕಾಡುಹೂವು ತಂದಿಟ್ಟರು. ಮಕ್ಕಳಿಗೆಲ್ಲ, "ಅಜ್ಜನ ಕಾಲಿಗೆ ಬೀಳ್ರೋ" ಅಂದರು. ಅಜ್ಜನಿಗೆ ಒಳಗೊಳಗೆ ಖುಷಿಯೂ ಆಯಿತು, ಹಸಿವೂ ಆಯಿತು.

ಹಸಿವಿಗೆ ಹರಕೆ ಗೊತ್ತಾಗುತ್ತದೆಯೇ? ಎಲ್ಲರೂ ದೂರದ ಗುಂಡಿಗಳಿಗೆ ಹೋದ ಹೊತ್ತಿನಲ್ಲಿ ಅಜ್ಜ ಮೆಲ್ಲಗೆ ದಡದ ಕೆಸರು ಕೆದಕಿ, ಎರೆಹುಳ ಹೀರಿಕೊಳ್ಳತೊಡಗಿದ. ಮೂರನೆಯ ದಿನ ಹಾಗೆ ಹೀರುತ್ತಿದ್ದಾಗ ಕೆಸರೇ ಮಾತಾಡಿತು.

"ಏನೋ ದುಗ್ಗ, ಉಪವಾಸ ಹೇಗೆ ನಡೀತಿದೆ?"

ಅದು ಕೆಸರಲ್ಲ, ಸಿರಿಯವ್ವ. ಮಡುವಿನಲ್ಲೇ ಹುಟ್ಟಿ ಬೆಳೆದ ಮುದಿ ಆಮೆ. ದುಗ್ಗಜ್ಜನನ್ನು ಮರಿಯಾಗಿದ್ದಾಗಿನಿಂದ ನೋಡಿದವಳು. ಅಜ್ಜನ ಬಾಯಲ್ಲಿ ಅರ್ಧ ಎರೆಹುಳ ಇನ್ನೂ ನೇತಾಡುತ್ತಿತ್ತು. ಸುಳ್ಳು ಹೇಳಿ ಉಪಯೋಗವಿಲ್ಲ.

"ಹಲ್ಲು ಹೋಯ್ತು ಅವ್ವ," ಎಂದು ಅಜ್ಜ ತಲೆ ತಗ್ಗಿಸಿದ. "ಯಾರಿಗೂ ಹೇಳಬೇಡ. ಇನ್ನು ನಾನು ಯಾವ ಕೆಲಸಕ್ಕೂ ಬಾರದವನು."

"ನನಗಂತೂ ಹುಟ್ಟಿದಾಗಿಂದ ಒಂದು ಹಲ್ಲೂ ಇಲ್ಲ. ನಾನೇನು ಬಿಲ ಸೇರಿದ್ದೀನಾ?" ಅಂದಳು ಸಿರಿಯವ್ವ. "ನಿನ್ನ ಹಲ್ಲಿನ ಚಿಂತೆ ಹಾಗಿರಲಿ. ಮಡುವಿನ ಕಡೆ ಕಣ್ಣು ಹಾಯಿಸಿದ್ದೀಯಾ?"

ಅಜ್ಜ ನೋಡಿದ. ಬೆಳಿಗ್ಗೆ ಏನೂ ಇರದಿದ್ದ ನೀರಿನ ಮೇಲೆ ಈಗ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದೆರಡಲ್ಲ, ಬಿಟ್ಟವುಗಳಲ್ಲಿ ಮುಕ್ಕಾಲು ಪಾಲು.

"ಈ ವರ್ಷ ಹತ್ತಿರದ ಗುಂಡಿಗಳು ಬೇಗ ಬತ್ತಿದವು," ಅಂದಳು ಸಿರಿಯವ್ವ. "ನಿಮ್ಮ ಹುಡುಗರು ದೂರದಿಂದ ಹೊತ್ತು ತರ್ತಾರೆ. ಮೀನು ಒದ್ದಾಡುತ್ತೆ, ಜಾರಬಾರದು ಅಂತ ಇವರು ಕಚ್ಚಿ ಹಿಡೀತಾರೆ. ಚೂಪು ಹಲ್ಲು. ಮಡುವಿಗೆ ಬಿಟ್ಟಾಗ ಬಾಲ ಅಲ್ಲಾಡಿಸುತ್ತೆ, ಇವರು ಬದುಕಿತು ಅಂತ ತಿರುಗಿ ಹೋಗ್ತಾರೆ. ಆಮೇಲೆ ಕೆಳಗೆ ನನ್ನ ಕಣ್ಣೆದುರೇ ಸಾಯುತ್ತೆ. ಹೀಗೇ ಆದರೆ ಮಳೆ ಬಂದಾಗ ಹೊಳೆಗೆ ಹೋಗೋಕೆ ಒಂದು ಮೀನೂ ಇರೋದಿಲ್ಲ. ನಿಮ್ಮ ಮಕ್ಕಳು ಏನು ತಿಂತಾರೆ?"

ಅಜ್ಜನಿಗೆ ತನ್ನ ಮೂವತ್ತು ನೆನಪಾಯಿತು. ಆ ಮೂವತ್ತರಲ್ಲಿ ಎಷ್ಟು ಬದುಕಿದವು? ಅವನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಬಿಟ್ಟ ಕೂಡಲೇ ಮುಂದಿನದಕ್ಕೆ ಓಡುತ್ತಿದ್ದ.

ಸಂಜೆಗೆ ಎಲ್ಲರೂ ಬಂದರು. ತೇಲುವ ಮೀನು ಕಂಡು ಮಾದಿಯ ಮುಖ ಕಪ್ಪಿಟ್ಟಿತ್ತು. ಅವಳು ನೇರ ಬಂದು ಅಜ್ಜನ ಕಾಲು ಹಿಡಿದಳು.

"ದೊಡ್ಡಪ್ಪ, ಅಯ್ಯ ಮುನಿಸಿಕೊಂಡಿದ್ದಾನೆ. ನಿಮ್ಮ ಉಪವಾಸಕ್ಕೆ ಶಕ್ತಿ ಇದೆ. ನೀವೊಂದು ಮಾತು ಕೇಳಿಕೊಳ್ಳಿ. ಮಡುವಿಗೆ ತರೋಷ್ಟು ಮೀನಿರೋ ಗುಂಡಿ ಅಂದರೆ ದೂರದ ದೊಡ್ಡದೊಂದೇ ಈಗ ಉಳಿದಿರೋದು. ಅದರ ಮೀನೂ ಸತ್ತರೆ ನಮ್ಮ ಕಥೆ ಮುಗೀತು."

ಅಜ್ಜ ಕಲ್ಲಿನ ಕಡೆ ತಿರುಗಿದ. ಕಣ್ಣು ಮುಚ್ಚಿ ಕೂತರೆ ಸಾಕಿತ್ತು. ಮರ್ಯಾದೆ ಉಳಿಯುತ್ತಿತ್ತು, ಹೂವೂ ಬರುತ್ತಿತ್ತು. ಆದರೆ ಯಾವ ಬಾಯಿ ಮೀನಿಗೆ ನೋವು ಮಾಡುವುದಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದಿತ್ತು. ಅದನ್ನು ಹೇಳಬೇಕಾದರೆ ಆ ಬಾಯನ್ನೇ ಎಲ್ಲರ ಮುಂದೆ ತೆರೆಯಬೇಕು.

"ಮಾದಿ, ಅಯ್ಯ ಮುನಿದಿಲ್ಲ," ಅಂದ ಅಜ್ಜ. "ನಾನು ಉಪವಾಸವೂ ಇಲ್ಲ, ಹರಕೆಯೂ ಇಲ್ಲ. ನಿಮಗೆಲ್ಲ ಸುಳ್ಳು ಹೇಳಿದೆ. ಇಲ್ಲಿ ನೋಡಿ."

ಹೀಗೆಂದು ಬಾಯನ್ನು ಅಗಲವಾಗಿ ತೆರೆದ. ಒಂದು ಹಲ್ಲೂ ಇಲ್ಲದ ಬೊಚ್ಚುಬಾಯಿ. ಮರಿಗಳು ಕಿಸಕ್ಕನೆ ನಕ್ಕವು. ಹಿಂದಿನಿಂದ ಯಾರೋ, "ಇದಕ್ಕೆ ನಾವು ಹೂವು ಬೇರೆ ತಂದಿಟ್ಟೆವು" ಅಂದರು. ಅಜ್ಜನ ಮುಖ ಬಿಸಿಯಾಯಿತು. ಆದರೂ ಬಾಯಿ ಮುಚ್ಚಲಿಲ್ಲ.

"ಬಯ್ಯೋದು ಆಮೇಲೆ ಬಯ್ಯಿರಿ," ಅಂದ. "ಮೊದಲು ನನ್ನನ್ನು ಆ ಗುಂಡಿಗೆ ಕರಕೊಂಡು ಹೋಗಿ. ನೀವು ನೀರಲ್ಲಿ ಮೀನನ್ನು ಮೂಲೆಗೆ ಅಟ್ಟಿ ಕೊಡಿ. ಹೊರೋದು ನನಗೆ ಬಿಡಿ."

ಮರುದಿನ ಬೆಳಕು ಹರಿಯುತ್ತಲೇ ಹೊರಟರು. ಹುಡುಗರು ಗುಂಡಿಯ ಮೂಲೆಗೆ ಮೀನು ಅಟ್ಟಿದರು. ಅಜ್ಜ ಅದನ್ನು ಒಸಡಿನ ನಡುವೆ ಮೆತ್ತಗೆ ಒತ್ತಿ ಹಿಡಿದು, ಕಲ್ಲುಹಾದಿಯಲ್ಲಿ ಹೆಜ್ಜೆ ಎಣಿಸುತ್ತಾ ನಡೆದ. ಎರಡು ಕಡೆ ನಿಂತು ದಮ್ಮು ತೆಗೆದುಕೊಂಡ. ಮಡುವಿಗೆ ಬಂದು ಬಾಯಿ ಬಿಟ್ಟ. ಈ ಸಲ ತಿರುಗಿ ಓಡಲಿಲ್ಲ, ಬಗ್ಗಿ ನೋಡುತ್ತಾ ಕೂತ. ಮೀನು ಒಂದು ಸುತ್ತು ಸುತ್ತಿ ಸರ್ರನೆ ಆಳಕ್ಕಿಳಿಯಿತು. ಸ್ವಲ್ಪ ಹೊತ್ತಿಗೆ ಸಿರಿಯವ್ವ ತಲೆ ಎತ್ತಿದಳು.

"ಬದುಕಿದೆ ಕಣೋ ದುಗ್ಗ. ಒಂದು ಗೀರೂ ಇಲ್ಲ."

ಆಗ ಅಜ್ಜನಿಗೆ ಅಳು ಬಂತು. ಕಲ್ಲಿಗೆ ಹಣೆ ಮುಟ್ಟಿಸಿ ಅಂದ, "ಅಯ್ಯಾ, ಹಲ್ಲಿದ್ದಾಗ ನನ್ನ ಹೆಸರಿಗೆ ದುಡಿದೆ. ಈಗ ಬರಿ ಬಾಯಲ್ಲಿ ಬಂದಿದ್ದೀನಿ. ಇದನ್ನಾದರೂ ನಿನ್ನ ಕೆಲಸಕ್ಕೆ ಇಟ್ಟುಕೋ."

ಅಂದು ಅವನಿಗೆ ತರಲು ಆದದ್ದು ಐದೇ ಮೀನು. ಐದೂ ಉಳಿದವು. ಸಂಜೆ ಮಾದಿ ಬೇರೆ ಗುಂಡಿಯಲ್ಲಿ ತಾನೇ ಹಿಡಿದ ಮೀನನ್ನು ಅಗಿದು ಮೆತ್ತಗೆ ಮಾಡಿ ಮುಂದಿಟ್ಟಳು.

"ಇಷ್ಟು ದಿನ ಹಸಿದುಕೊಂಡಿದ್ದಿರಲ್ಲ ದೊಡ್ಡಪ್ಪ. ಒಂದು ಮಾತು ಹೇಳಬಾರದಿತ್ತೇ?"

"ಹೇಳಬೇಕಿತ್ತು," ಅಂದ ಅಜ್ಜ, ಮತ್ತು ತಲೆ ಎತ್ತದೆ ತಿಂದ.

ಅಂದಿನಿಂದ ದಿನವೂ ಹೋದ. ಒಮ್ಮೊಮ್ಮೆ ನಾಲ್ಕು, ಒಮ್ಮೊಮ್ಮೆ ಎರಡು. ಸೊಂಟ ಹಿಡಿದ ದಿನ ಒಂದೇ ಒಂದು. ಯುವಕರೂ ಅವನನ್ನು ನೋಡಿ, ಕಚ್ಚದೆ ತುಟಿಯಲ್ಲೇ ಹಿಡಿಯುವುದನ್ನು ಕಷ್ಟಪಟ್ಟು ಕಲಿತರು. ಬಿಟ್ಟ ಮೇಲೆ ಬಗ್ಗಿ ನೋಡುವುದನ್ನೂ ಕಲಿತರು.

ಕೊನೆಗೊಂದು ಮಧ್ಯಾಹ್ನ ಮಳೆ ಬಂತು. ಹೊಳೆ ಕೆಂಪಗೆ ತುಂಬಿ ಮಡುವಿನ ಅಂಚು ದಾಟಿತು. ಮೀನುಗಳು ಹಿಂಡುಹಿಂಡಾಗಿ ಹೊಸನೀರಿಗೆ ನುಗ್ಗಿದವು. ದುಗ್ಗಜ್ಜ ದಡದಲ್ಲಿ ನೆನೆಯುತ್ತಾ ಕೂತು ನೋಡಿದ. ಅವುಗಳಲ್ಲಿ ತಾನು ಹೊತ್ತು ತಂದದ್ದು ಯಾವುದು ಎಂದು ಅವನಿಗೆ ಗುರುತು ಸಿಗಲಿಲ್ಲ. ಗುರುತು ಸಿಗಬೇಕೆಂದೂ ಅನಿಸಲಿಲ್ಲ.

ನೀತಿ: ಮುಪ್ಪಿನಲ್ಲಿ ಹೋದದ್ದನ್ನು ಬಚ್ಚಿಟ್ಟು ಕೊರಗಬೇಡ, ಉಳಿದದ್ದನ್ನು ನಾಚದೆ ದೇವರ ಕೆಲಸಕ್ಕೆ ಕೊಡು, ಅವನಿಗೆ ಬೇಕಾದದ್ದು ಅದೇ ಆಗಿರಬಹುದು.