ತಾಮ್ರದ ಕೊಡೆಯ ದೀಪ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಹಿರಿಯರು ತೋರಿಸಿದ ಮಾರ್ಗಗಳು ಹಲವು. ಒಂದೊಂದೂ ಹಳೆಯದು, ಒಂದೊಂದೂ ಸೊಗಸಾಗಿದೆ. ನಾನು ಸಂಸಾರಸ್ಥ. ಮನೆಯಲ್ಲಿದ್ದುಕೊಂಡೇ ನಡೆಯಬೇಕಾದವನು. ಇವುಗಳಲ್ಲಿ ನನಗೆ ತಕ್ಕದ್ದನ್ನು ಆಯ್ದುಕೊಳ್ಳುವುದು ಹೇಗೆ?"

ಗುರುಗಳು ಹೇಳಿದರು: "ಮನೆಗೆ ಹಳೆಯ ದೀಪವನ್ನು ಆಯ್ದುಕೊಂಡ ಹಾಗೆ."

ಶಿಷ್ಯನಿಗೆ ಅರ್ಥವಾಗಲಿಲ್ಲ. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಸೀರೆ ವರ್ತಕರಿದ್ದರು. ಅವರು ಅಣ್ಣ ತಮ್ಮಂದಿರು, ಇಬ್ಬರೂ ಸಂಸಾರಸ್ಥರು. ಅವರಿಗೆ ಅಂಗಡಿ ಒಂದೇ, ಮನೆ ಒಂದೇ, ಒಲೆಯೂ ಒಂದೇ. ಅಣ್ಣ ಮಾತುಗಾರ. ತಮ್ಮ ನಿಧಾನಸ್ಥ, ಮಾತು ಕಡಿಮೆ. ಹಗಲೆಲ್ಲ ಗಿರಾಕಿಗಳ ನಡುವೆ ಒಬ್ಬರ ಮುಖ ಒಬ್ಬರು ನೋಡಲು ಬಿಡುವಿರುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ನಡುಮನೆಯ ಮೇಜಿನ ಆಚೆಗೊಬ್ಬ ಈಚೆಗೊಬ್ಬ ಕೂತು ಅಂದಿನ ವ್ಯಾಪಾರದ ಮಾತಾಡುತ್ತಿದ್ದರು. ಅಣ್ಣನಿಗೆ ತಮ್ಮನನ್ನು ಛೇಡಿಸದೆ ಕಾಫಿ ಇಳಿಯುತ್ತಿರಲಿಲ್ಲ.

"ಇವನು ಒಂದು ಧಾರೆ ಸೀರೆ ಮಡಿಸಿ ಕೊಡೋ ಹೊತ್ತಿಗೆ ಮದುಮಗಳ ಕಂಕುಳಲ್ಲಿ ಕೂಸು ಇರುತ್ತೆ" ಎನ್ನುತ್ತಿದ್ದ.

ತಮ್ಮ ಉತ್ತರ ಕೊಡುತ್ತಿರಲಿಲ್ಲ. ಮುಖ ಅರಳಿಸಿ ನಗುತ್ತಿದ್ದ. ಅದೇ ಅವನ ಉತ್ತರ. ಆ ನಗುವನ್ನು ನೋಡುವುದಕ್ಕೆಂದೇ ಅಣ್ಣ ಛೇಡಿಸುತ್ತಿದ್ದ. ಹೀಗೆ ಆ ಮನೆ ನೆಮ್ಮದಿಯಾಗಿತ್ತು.

ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಅಣ್ಣನಿಗೆ ಹಳೆಯ ವಸ್ತುಗಳ ಮೇಲೆ ಮನಸ್ಸಾಯಿತು. ನಡುಮನೆಗೆ ಒಂದು ಹಳೆಯ ಮೇಜುದೀಪ ಬೇಕೆನ್ನಿಸಿತು. ಒಂದು ಮಧ್ಯಾಹ್ನ ಹಳೆಯ ಸಾಮಾನಿನ ಅಂಗಡಿಗೆ ಹೋದ. ಅಂಗಡಿಯವನು ಹಲವು ದೀಪಗಳನ್ನು ಇಳಿಸಿ ಧೂಳು ಒರೆಸಿ ಸಾಲಾಗಿ ಇಟ್ಟ. ಎಲ್ಲವೂ ಒಂದು ಕಾಲದಲ್ಲಿ ಎಣ್ಣೆಯಿಂದ ಉರಿದವು. ಈಗ ಅವಕ್ಕೆ ತಂತಿ ಎಳೆದು ಬಲ್ಬು ಕೂರಿಸಿದ್ದರು.

ಸೀರೆ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಅಂಗಡಿಯ ದೀಪದ ಕೆಳಗೆ ಸೀರೆಯ ನಿಜವಾದ ಬಣ್ಣ ತಿಳಿಯುವುದಿಲ್ಲ. ಬಲ್ಲವರು ಅದನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಾರೆ. ಅಣ್ಣ ಜೀವಮಾನವೆಲ್ಲ ಹಾಗೆಯೇ ನೋಡಿದವನು. ದೀಪಗಳನ್ನೂ ಒಂದೊಂದಾಗಿ ಬಾಗಿಲಿಗೆ ತಂದು ಬಿಸಿಲಿನಲ್ಲಿ ತಿರುಗಿಸಿ ನೋಡಿದ. ಒಂದು ದೀಪ ಅವನ ಕಣ್ಣಿಗೆ ಹಿಡಿಸಿತು. ಅದಕ್ಕೆ ಕಂಚಿನ ಕಾಲು. ಮೇಲೆ ಅಗಲವಾದ ತಾಮ್ರದ ಕೊಡೆ. ಕೊಡೆಯ ಸುತ್ತ ಬಳ್ಳಿ, ಬಳ್ಳಿಯಲ್ಲಿ ಗಿಳಿ. ಅಲ್ಲಿದ್ದ ದೀಪಗಳಲ್ಲೆಲ್ಲ ಹಳೆಯದು ಅದೇ.

"ಹೊತ್ತಿಸಿ ತೋರಿಸಲೇ ಸಾಹುಕಾರರೇ?" ಎಂದ ಅಂಗಡಿಯವನು.

"ಮಟಮಟ ಮಧ್ಯಾಹ್ನದಲ್ಲಿ ದೀಪ ಹಚ್ಚಿದರೆ ಜನ ನಗುತ್ತಾರೆ. ಕಟ್ಟಿ ಕೊಡು" ಎಂದ ಅಣ್ಣ.

ದೀಪ ಮನೆಗೆ ಬಂತು. ಅಣ್ಣ ಅದನ್ನು ಮೇಜಿನ ನಟ್ಟನಡುವೆ ಇಟ್ಟ. ಗೋಡೆಯ ಟ್ಯೂಬ್‌ಲೈಟ್ ಇದ್ದರೆ ಹಳೆಯ ದೀಪದ ಸೊಗಸು ಕಾಣುವುದಿಲ್ಲವೆಂದು ಅದನ್ನು ಆರಿಸಿದ. ಬೆಳಕು ಮೇಜಿನ ಮೇಲೆ ದುಂಡಗೆ ಬಿತ್ತು. ನೋಡಲು ಬಂದ ನೆಂಟರು ಹೊಗಳಿದರು. ಅಣ್ಣನಿಗೆ ತೃಪ್ತಿಯಾಯಿತು.

ಆ ದೀಪದ ಕೊಡೆ ಸರಿಯಾಗಿ ಇಬ್ಬರ ಮುಖದ ಎತ್ತರದಲ್ಲಿತ್ತು. ಕೂತವನಿಗೆ ಎದುರಿನವನ ಕೈ ಕಾಣುತ್ತಿತ್ತು, ಕಾಫಿ ಲೋಟ ಕಾಣುತ್ತಿತ್ತು. ಮುಖವಿರಬೇಕಾದ ಕಡೆ ತಾಮ್ರದ ಗಿಳಿ ಕಾಣುತ್ತಿತ್ತು.

ಅಣ್ಣ ಎಂದಿನಂತೆ ಛೇಡಿಸಿದ. ತಮ್ಮನಿಗೆ ಮಾತು ಕೇಳಿಸಿತು, ಅದರ ಹಿಂದಿನ ನಗು ಕಾಣಿಸಲಿಲ್ಲ. ಮೇಜನ್ನು ತಟ್ಟುವ ಬೆರಳು ಮಾತ್ರ ಕಾಣಿಸಿತು. ತಮ್ಮನೂ ಮೊದಮೊದಲು ಎಂದಿನಂತೆಯೇ ನಕ್ಕ. ಅಣ್ಣನಿಗೆ ಅದು ಕಾಣಿಸಲಿಲ್ಲ. ಎಷ್ಟು ಮಾತಾಡಿದರೂ ಇವನು ತುಟಿ ಬಿಚ್ಚುವುದಿಲ್ಲ, ಸೊಕ್ಕು ಬಂದಿರಬೇಕು ಎಂದುಕೊಂಡ. ಮಾತನ್ನು ಇನ್ನಷ್ಟು ಹರಿತ ಮಾಡಿದ. ತಮ್ಮ ನಗುವುದನ್ನು ನಿಲ್ಲಿಸಿದ. ನಾನು ಈ ಅಂಗಡಿಯಲ್ಲಿ ಪಾಲುದಾರನೋ ಆಳೋ ಎಂದು ತನ್ನಲ್ಲೇ ಕೇಳಿಕೊಂಡ. ಮಳೆಗಾಲ ಮುಗಿಯುವಷ್ಟರಲ್ಲಿ ಇಬ್ಬರ ನಡುವೆ ಅಗತ್ಯವಿದ್ದಷ್ಟೇ ಮಾತು ಉಳಿದಿತ್ತು.

ಅಣ್ಣನ ಹೆಂಡತಿ ಆ ಮನೆಯನ್ನು ನಡೆಸುತ್ತಿದ್ದವಳು. ಯಾವ ಪಾತ್ರೆ ಯಾವ ಹಬ್ಬಕ್ಕೆ ಬಂತು, ಯಾರು ಯಾವಾಗ ಊಟ ಬಿಟ್ಟರು, ಎಲ್ಲವೂ ಅವಳಿಗೆ ನೆನಪಿರುತ್ತಿತ್ತು. ಮನೆಯ ನಗು ಎಂದಿನಿಂದ ನಿಂತಿತೆಂಬುದೂ ನೆನಪಿತ್ತು. ಏಕೆ ನಿಂತಿತೆಂಬುದು ಮಾತ್ರ ತಿಳಿದಿರಲಿಲ್ಲ. ಸಂಜೆಯ ಹೊತ್ತು ಅವಳಿಗೆ ಅಡುಗೆಮನೆಯಲ್ಲೇ ಕಳೆಯುತ್ತಿತ್ತು.

ಒಂದು ಸಂಜೆ ನಾಳೆಯ ಪೂಜೆಗೆ ಹೂ ಬಹಳ ಬಂದಿತ್ತು. ಅವಳು ನಡುಮನೆಯಲ್ಲಿ ಮೇಜಿನ ಮಗ್ಗುಲಿಗೆ ನೆಲದ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಅಂದು ತಮ್ಮ ಬಾಯಿ ಬಿಟ್ಟು ಹೇಳಿದ: "ನಾಳಿದ್ದು ಸೋದರಮಾವನನ್ನು ಕರೆಸೋಣ ಅಣ್ಣ. ಪಾಲು ಮಾಡಿಕೊಂಡುಬಿಡೋಣ."

"ಆಗಲಿ" ಎಂದ ಅಣ್ಣ.

ಅವಳು ತಲೆಯೆತ್ತಿದಳು. ಅವಳು ಕೂತಲ್ಲಿಂದ ಕೊಡೆಯ ಆಚೀಚೆ ಇಬ್ಬರ ಮುಖವೂ ಕಾಣುತ್ತಿತ್ತು. ಪಾಲು ಎಂದವನ ಕಣ್ಣು ತುಂಬಿತ್ತು. ಆಗಲಿ ಎಂದವನ ಕಣ್ಣೂ ತುಂಬಿತ್ತು. ಎದುರುಬದುರು ಕೂತವರು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಇಬ್ಬರೂ ತಾಮ್ರವನ್ನು ನೋಡುತ್ತಿದ್ದರು.

ಅವಳು ಮತ್ತೆ ಹೂವಿನ ದಾರ ಎತ್ತಿಕೊಂಡಳು. ದೀಪವನ್ನು ಪಕ್ಕಕ್ಕೆ ಸರಿಸಬಹುದಿತ್ತು. ಆದರೆ ಸರಿಸಿದ್ದನ್ನು ಗಂಡ ಮತ್ತೆ ನಡುವಿಗೇ ಎಳೆಯುತ್ತಾನೆಂದು ಬಲ್ಲಳು. ಅವನು ಮೆಚ್ಚಿ ತಂದ ವಸ್ತುವನ್ನು ಅವನೆದುರಿಗೆ ಹಳಿದರೆ ಅದು ಇನ್ನೊಂದು ಜಗಳವಾಗುತ್ತದೆಂದೂ ಬಲ್ಲಳು.

ಬೆಳಿಗ್ಗೆ ಇಬ್ಬರನ್ನೂ ಕರೆದು ಹೇಳಿದಳು: "ಪಾಲಾದರೆ ನಡುಮನೆ ಎರಡಾಗುತ್ತೆ. ದೀಪ ಒಂದೇ ಇದೆ. ಇನ್ನೊಂದು ತಂದುಬಿಡೋಣ. ಇಬ್ಬರೂ ಬನ್ನಿ, ಆಮೇಲೆ ತಕರಾರು ಬೇಡ. ಹೊತ್ತು ಮುಳುಗಿದ ಮೇಲೆ ಹೋಗೋಣ."

"ಕತ್ತಲಲ್ಲಿ ಯಾರಾದರೂ ಸಾಮಾನು ಕೊಳ್ಳುತ್ತಾರೆಯೇ? ಬಿಸಿಲಿಗೆ ಹಿಡಿದು ನೋಡಬೇಡವೇ?" ಎಂದ ಗಂಡ.

"ನಾನು ಸೀರೆ ಕೊಳ್ಳೋಕೆ ಹೋಗ್ತಿಲ್ಲ" ಎಂದಳು ಅವಳು.

ಸಂಜೆ ಮೂವರೂ ಹಳೆಯ ಸಾಮಾನಿನ ಅಂಗಡಿಗೆ ಹೋದರು. ಅವಳು ಅಂಗಡಿಯವನಿಂದ ಒಂದು ಮೇಜು, ಎರಡು ಕುರ್ಚಿ ಹಾಕಿಸಿದಳು. ಗಂಡನನ್ನು ಆಚೆ, ಮೈದುನನನ್ನು ಈಚೆ ಕೂರಿಸಿದಳು. ಅಂಗಡಿಯ ದೀಪಗಳನ್ನೆಲ್ಲ ಆರಿಸಲು ಹೇಳಿದಳು. ಒಂದು ದೀಪ ತರಿಸಿ ಇಬ್ಬರ ನಡುವೆ ಇಟ್ಟು ಹೊತ್ತಿಸಿದಳು. ಸ್ವಲ್ಪ ಹೊತ್ತು ನೋಡಿ, ಬೇಡವೆಂದಳು. ಅದರ ಹಸಿರು ಗಾಜಿನ ಬೆಳಕಿನಲ್ಲಿ ಇಬ್ಬರೂ ಜ್ವರದಿಂದ ಎದ್ದವರಂತೆ ಕಂಡರು. ಇನ್ನೊಂದು ತರಿಸಿದಳು. ಅದೂ ಬೇಡವೆಂದಳು. ಅದು ಕಣ್ಣಿಗೆ ಹೊಡೆದು ಇಬ್ಬರ ಹುಬ್ಬನ್ನೂ ಗಂಟಿಕ್ಕಿಸಿತು.

ಅಂಗಡಿಯವನಿಗೆ ತಡೆಯಲಾಗಲಿಲ್ಲ. "ತಾಯಿ, ನೀವು ದೀಪ ನೋಡ್ತಾನೇ ಇಲ್ಲ. ಇವರ ಮುಖ ನೋಡ್ತಾ ಇದ್ದೀರಿ" ಎಂದ.

"ಇವು ದಿನಾ ನೋಡಬೇಕಾದ ಮುಖಗಳು. ನೀನು ಇನ್ನೊಂದು ತಾ" ಎಂದಳು.

ಅವನು ಮೂಲೆಯಿಂದ ಒಂದು ಗಿಡ್ಡ ದೀಪ ತಂದ. ಅದು ಅಷ್ಟೇನೂ ಹಳೆಯದಲ್ಲ. ಕೆತ್ತನೆಯಿಲ್ಲ. ಹಾಲಿನ ಬಣ್ಣದ ಗಾಜಿನ ಬುರುಡೆ, ಅದರ ಅಂಚಿನಲ್ಲಿ ಒಂದು ಚೂರು ಹಾರಿತ್ತು. ಅವನಿಗೇ ನಾಚಿಕೆಯಾಗಿ, "ಇದು ಸಾಹುಕಾರರ ಮನೆಗೆ ಶೋಭಿಸೋದಲ್ಲ" ಎಂದು ಹೇಳಿಯೇ ಇಟ್ಟ. ಹೊತ್ತಿಸಿದ. ಬೆಳಕು ಮೆಲ್ಲಗೆ ಸುತ್ತಲೂ ಹರಡಿತು.

ಅಣ್ಣನಿಗೆ ಕೂತು ಕೂತು ಬೇಸರ ಬಂದಿತ್ತು. ಹೆಂಡತಿಯ ಕಡೆ ತಿರುಗಿ, "ಬೇಗ ಮುಗಿಸು. ಇವನನ್ನು ಇನ್ನೊಂದು ಗಳಿಗೆ ಇಲ್ಲೇ ಕೂರಿಸಿದರೆ ಅಂಗಡಿಯವನು ಧೂಳು ಒರೆಸಿ ಇವನಿಗೂ ಒಂದು ಬೆಲೆಚೀಟಿ ಅಂಟಿಸ್ತಾನೆ" ಎಂದ.

ತಮ್ಮ ಮುಖವೆತ್ತಿದ. ಎಷ್ಟೋ ದಿನಗಳ ಮೇಲೆ ಅಣ್ಣನ ತುಟಿಯ ಕೊಂಕನ್ನೂ ಕಣ್ಣಿನ ಮಿಣುಕನ್ನೂ ಕಂಡ. ಅವನ ಮುಖ ತಾನಾಗಿ ಅರಳಿತು.

"ಅಂಟಿಸಲಿ ಬಿಡು ಅಣ್ಣ. ಕೊಳ್ಳೋನು ನೀನೇ ತಾನೇ, ಹಳೇ ಸಾಮಾನು ಕಂಡರೆ ಬಿಡೋನಲ್ಲ" ಎಂದ.

ಅಣ್ಣ ಆ ನಗುವನ್ನೇ ನೋಡುತ್ತ ಕೂತ. ಮೇಜಿನ ಮೇಲಿಂದ ಕೈ ಚಾಚಿ ತಮ್ಮನ ಕೈಯನ್ನು ಒಮ್ಮೆ ಅದುಮಿ ಬಿಟ್ಟ.

"ಇದನ್ನೇ ಕಟ್ಟಿ ಕೊಡು" ಎಂದಳು ಅವಳು.

ಗೊತ್ತುಮಾಡಿದ್ದ ದಿನ ಸೋದರಮಾವ ಬಂದ. ಒಬ್ಬಟ್ಟಿನ ಊಟ ಮಾಡಿದ. ಕೈ ತೊಳೆದುಕೊಂಡು, ಏಕೆ ಕರೆಸಿದಿರೆಂದು ಕೇಳಿದ. ಅಣ್ಣ ತಮ್ಮನ ಕಡೆ ನೋಡಿದ, ತಮ್ಮ ಅಣ್ಣನ ಕಡೆ ನೋಡಿದ.

"ಹೊಸದಾಗಿ ಹಳೇ ದೀಪ ತಂದಿದ್ದೇವೆ. ನೀವು ನೋಡಿರಲಿಲ್ಲವಲ್ಲ" ಎಂದಳು ಅವಳು.

ತಾಮ್ರದ ದೀಪವನ್ನು ಅವಳು ಎಸೆಯಲಿಲ್ಲ. ಓದುವ ಕೋಣೆಯಲ್ಲಿ ಮೈದುನನ ಮಗಳ ಮೇಜಿನ ಮೇಲೆ ಇಟ್ಟಳು. ಒಬ್ಬಳೇ ಕೂತು ಪುಸ್ತಕ ನೋಡುವವಳಿಗೆ ಅದಕ್ಕಿಂತ ಒಳ್ಳೆಯ ದೀಪ ಇರಲಿಲ್ಲ. ಹುಡುಗಿ ಚೆನ್ನಾಗಿ ಓದಿದಳು.

ಗುರುಗಳು ಕತೆ ಮುಗಿಸಿದರು.

ಶಿಷ್ಯನಿಗೆ ಸಂತೋಷವಾಯಿತು. ಅವನು ಹೇಳಿದ: "ತಿಳಿಯಿತು ಗುರುಗಳೇ. ಹಳೆಯದೆಂದಾಗಲಿ ಸೊಗಸೆಂದಾಗಲಿ ಆಯ್ದುಕೊಳ್ಳಬಾರದು. ಬೆಳಕನ್ನು ನೋಡಿ ಆಯ್ದುಕೊಳ್ಳಬೇಕು. ಹಾಗೆ ನೋಡಿದರೆ ನಿಮ್ಮ ಮಾರ್ಗಕ್ಕಿಂತ ಮಿಗಿಲಾದದ್ದು ನನಗೆ ಎಲ್ಲಿಯೂ ಕಂಡಿಲ್ಲ."

ಗುರುಗಳು ಕೇಳಿದರು: "ಇಲ್ಲಿಂದ ಎದ್ದು ಮನೆಗೆ ಹೋದ ಸಂಜೆ ನಿನ್ನ ಹೆಂಡತಿಯ ಮುಖ ನಿನಗೆ ಹೇಗೆ ಕಾಣುತ್ತದೆ?"

ಶಿಷ್ಯ ಎದ್ದು, ನೋಡಿಕೊಂಡು ಬರುತ್ತೇನೆಂದು ಮನೆಗೆ ಹೊರಟ.