‘ಎಳೆಯಬೇಡ’ ಎಂಬ ನಡುಗಡ್ಡೆ

ಒಂದು ನಡುಗಡ್ಡೆಗೆ ‘ಎಳೆಯಬೇಡ’ ಎಂದು ಯಾರಾದರೂ ಹೆಸರಿಡುತ್ತಾರೆಯೇ? ಜಪಾನಿನಲ್ಲಿ ಇಟ್ಟಿದ್ದಾರೆ! ಏನು ನಡೆದಿದ್ದೀತು, ನೀವೇ ಊಹಿಸಿ ನೋಡೋಣ. ಬೆಳಿಗ್ಗೆ ಲಾಂಚು ಹತ್ತಿದರೆ ಸಂಜೆಯೊಳಗೆ ಸುತ್ತಿ ಬರಬಹುದಾದ ಅಲ್ಲಿನ ಒಂದು ಕೊಲ್ಲಿಯಲ್ಲಿ, ತಲೆಯ ಮೇಲೆ ಪೈನ್ ಮರಗಳನ್ನು ಹೊತ್ತ ಬಂಡೆಗಳು ಒಂದರ ಹಿಂದೊಂದು ತೇಲಿಬಂದಂತೆ ಕಾಣುತ್ತವೆ. ಎಲ್ಲಕ್ಕೂ ಕಡೆಯದು, ಆಮೆಯಂತೆ ಬೆನ್ನು ಬಾಗಿದ್ದು, ಹಿಕುನಾ-ಜಿಮಾ. ಅಲ್ಲಿನವರ ಮಾತಿನಲ್ಲಿ ‘ಹಿಕುನಾ’ ಎಂದರೆ ಎಳೆಯಬೇಡ, ‘ಜಿಮಾ’ ಎಂದರೆ ದ್ವೀಪ. ರಾಕ್ಷಸ, ಶಾಪ ಎಂದೆಲ್ಲ ಊಹಿಸಿದ್ದರೆ ಬಿಟ್ಟುಬಿಡಿ. ಇದು ಗಂಡಹೆಂಡಿರ ಜಗಳ.

ಹಿಂದೆ ಒಮ್ಮೆ ಆ ಕೊಲ್ಲಿಯ ದಡದ ಹಳ್ಳಿಯಲ್ಲಿ ಒಮಿನೆ ಎಂಬ ಮುಳುಗುಗಾರ್ತಿ ಇದ್ದಳಂತೆ. ಅಲ್ಲಿ ಕಡಲ ತಳಕ್ಕಿಳಿದು ಬಂಡೆಗೆ ಕಚ್ಚಿಕೊಂಡ ಚಿಪ್ಪುಗಳನ್ನು ಕಿತ್ತು ತರುವವರು ಹೆಂಗಸರು. ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ದೋಣಿಯಲ್ಲಿ ಕೂರುವವನು ಗಂಡ. ಕೆಳಗಿನಿಂದ ಹಗ್ಗ ಜಗ್ಗಿದರೆ ಮೇಲಕ್ಕೆ ಎಳೆಯಬೇಕು, ಅಷ್ಟೇ ಅವನ ಕೆಲಸ. ಆದರೆ ಗುಡ್ಡಗಾಡಿನಿಂದ ಮನೆಯಳಿಯನಾಗಿ ಬಂದ ತೊಕುಬೆಗೆ ಆ ‘ಅಷ್ಟೇ’ ಆಗದು. ಹೆಂಡತಿ ನೀರಿನಲ್ಲಿ ಮರೆಯಾದದ್ದೇ ತಡ, ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಏಳುವನು, ಕೂರುವನು, ಇಣುಕುವನು, ಕಡೆಗೆ ಎಳೆದೇಬಿಡುವನು. ಅವಳು ಬರಿಗೈಯಲ್ಲಿ ಮೇಲೆ ಬರುವಳು. ಪಕ್ಕದ ದೋಣಿಯಿಂದ ಅವಳ ತಮ್ಮ, “ಏನು ಭಾವ, ನಮ್ಮಕ್ಕನನ್ನೇ ಗಾಳ ಹಾಕಿ ಹಿಡಿದ್ರಾ?” ಎಂದು ಕೆಣಕುವನು. ಒಂದು ಬೆಳಿಗ್ಗೆ, ಆ ಆಮೆಬೆನ್ನಿನ ನಡುಗಡ್ಡೆಯ ಪಕ್ಕದಲ್ಲಿ, ಒಮಿನೆ ಹಗ್ಗ ಬಿಗಿದುಕೊಳ್ಳುತ್ತ ಹೇಳಿಯೇಬಿಟ್ಟಳು: “ನಾನು ಜಗ್ಗೋವರೆಗೆ ಎಳೀಬೇಡ. ಇವತ್ತೂ ಎಳೆದೆಯೋ, ನಾಳೆಯಿಂದ ಹಗ್ಗ ತಮ್ಮನ ಕೈಗೆ, ನೀನು ನಿನ್ನ ಗುಡ್ಡಕ್ಕೆ!”

ತೊಕುಬೆ ಹಗ್ಗವನ್ನು ಕಾಲಿಗೆ ಸುತ್ತಿಕೊಂಡು, ತನ್ನ ಎರಡೂ ಕೈಗಳ ಮೇಲೆ ಕುಳಿತನು. ಗುಳ್ಳೆಗಳು ಬಂದವು, ನಿಂತವು. ಹಗ್ಗ ಅಲುಗಲಿಲ್ಲ. ಅವನು ಅರ್ಧಕ್ಕೆ ಎದ್ದನು. “ಕೂತ್ಕೊಳ್ಳಿ ಭಾವ, ಅಕ್ಕ ಈಗ ತಾನೇ ಇಳಿದಳು!” ಎಂದ ಮೈದುನ. ಎಳೆದರೆ ಸಂಸಾರ ಹೋಯಿತು, ಎಳೆಯದಿದ್ದರೆ? “ಹೋದರೆ ಹೋಗಲಿ” ಎಂದವನೇ ಎದ್ದು ಎಳೆದನು. ದೊಡ್ಡ ಚಿಪ್ಪೊಂದರ ಆಸೆಗೆ ಉಸಿರು ಮೀರಿ ನಿಂತು ಎಚ್ಚರ ತಪ್ಪಿದ್ದ ಒಮಿನೆ, ಮೈಯೆಲ್ಲ ನೀಲಿಗಟ್ಟಿ ಮೇಲೆ ಬಂದಳು. ತೊಕುಬೆ ಅವಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿಯೇ ಗುದ್ದಿದನು. ಕೆಣಕುತ್ತಿದ್ದ ಮೈದುನ ಅಳತೊಡಗಿದ್ದನು. ಕಡೆಗೊಮ್ಮೆ ಬಾಯಿಂದ ಉಪ್ಪುನೀರು ಸುರಿದು, ಕಣ್ಣು ಬಿಟ್ಟ ಆಕೆ ಗಂಡನನ್ನು ನೋಡಿ ಆಡಿದ ಮೊದಲ ಮಾತು: “ಎಳೀಬೇಡ ಅಂದಿದ್ದೆನಲ್ಲ!” ಸುತ್ತಲ ದೋಣಿಗಳಲ್ಲಿ ಎದ್ದ ನಗುವೇ ಆ ನಡುಗಡ್ಡೆಗೆ ಹೆಸರಿಟ್ಟಿತು ಎನ್ನುತ್ತಾರೆ. ಮರುದಿನ ಅವಳು, ಬೈಯುತ್ತಲೇ, ಹಗ್ಗವನ್ನು ಅವನ ಕೈಗೇ ಕೊಟ್ಟಳು.

ಇಂದಿಗೂ ವರ್ಷಕ್ಕೊಮ್ಮೆ ಪ್ರವಾಸಿಗರ ಎದುರೇ ಮುಳುಗುಗಾರ್ತಿಯರು “ಹಿಕುನಾ!” ಎಂದು ಗಂಡಂದಿರನ್ನು ಗದರಿಸಿ ನೀರಿಗಿಳಿಯುತ್ತಾರೆ, ಗಂಡಂದಿರು ಭಕ್ತಿಯಿಂದ ತಲೆಯಾಡಿಸಿ, ಮರುಕ್ಷಣವೇ ಎಳೆದುಬಿಡುತ್ತಾರೆ. ಅಂದು ಯಾರ ಬುಟ್ಟಿಯಲ್ಲೂ ಒಂದು ಚಿಪ್ಪೂ ಇರುವುದಿಲ್ಲ, ಯಾರಿಗೂ ಸಿಟ್ಟಿಲ್ಲ. ಏಕೆಂದರೆ ತೊಕುಬೆ ಮಾತು ಮೀರಿದ್ದು ಅದೇ ದಿನ: ಅಲ್ಲಿನ ಕಾನ್ಸೇ ಶಕೆಯ ಮೂರನೆಯ ವರ್ಷ, ಅಂದರೆ ನಮ್ಮ ಲೆಕ್ಕದಲ್ಲಿ ಕ್ರಿ.ಶ. 1791, ಆರನೆಯ ತಿಂಗಳ ಎಂಟನೆಯ ದಿನ.